ಹಾಕಿದ ಸಹಿ ವಾಪಸ್ ತೆಗೆಯಬಹುದಾ?

ತಮ್ಮಾ,

ನ್ಯೂಜೆರ್ಸಿಯಿಂದ ರಜೆಗೆ ಬಂದವ ಕೇರಳದ ಕಾಸರಗೋಡು ಕಡೆಯ ಬದಿಯಡ್ಕದ ಮನೆಯ ಜಗಲಿಯಲ್ಲಿ ಕೂತು ನಿನ್ನ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಂಗಡಿ ಕಳ್ಳತನದ ಕೇಸಿನಲ್ಲಿ ತಪ್ಪೊಪ್ಪಿಕೊಂಡರೆ ಒಂದು ವರ್ಷದ ಶಿಕ್ಷೆ ಅಮಾನತು, ಜೈಲಿಲ್ಲ, ವೀಸಾಕ್ಕೂ ಏನಾಗದು ಎಂದರು ವಕೀಲರು. ನೀನು ಒಪ್ಪಿಕೊಂಡು ಸಹಿ ಹಾಕಿದೆ. ಈಗ ಗಡೀಪಾರಿನ ನೋಟೀಸು. "ಅಣ್ಣಾ, ಹಾಕಿದ ಸಹಿ ವಾಪಸ್ ತೆಗೆಯಲಿಕ್ಕೆ ಆಗ್ತದಾ?"

ಆಗ್ತದೆ. ಸುಲಭವಲ್ಲ.

ಅಮೆರಿಕದ ವಲಸೆ ಕಾನೂನಿಗೆ ಅಮಾನತು ಲೆಕ್ಕಕ್ಕೇ ಇಲ್ಲ. ಕಳ್ಳತನಕ್ಕೆ ಒಂದು ವರ್ಷ ಎಂದು ತೀರ್ಪಿನಲ್ಲಿದ್ದರೆ, ಒಂದು ದಿನವೂ ಜೈಲು ಕಾಣದವನೂ ಗುರುತರ ಅಪರಾಧಿಗಳ ಪಟ್ಟಿಗೆ ಸೇರುತ್ತಾನೆ. 364 ದಿನ ಅಂತಿದ್ದರೆ ಆ ಪಟ್ಟಿಗೆ ಬರುತ್ತಿರಲಿಲ್ಲ. ಇದನ್ನು ನಿನಗೆ ಹೇಳುವುದು ವಕೀಲರ ಕರ್ತವ್ಯವಾಗಿತ್ತು. 2010ರಲ್ಲಿ ಪಡಿಲ್ಲಾ ಕೇಸಿನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟೇ ಹಾಗೆಂದಿದೆ.

ಇಲ್ಲಿ ಪಂಚಾಯತಿನಿಂದ ಮಲಯಾಳದಲ್ಲಿ ಕಾಗದ ಬಂದರೆ, ಯಾರಾದರೂ ಕನ್ನಡದಲ್ಲಿ ಬಿಡಿಸಿ ಹೇಳುವವರೆಗೆ ನನ್ನಪ್ಪ ಪೆನ್ನು ಮುಟ್ಟುತ್ತಿರಲಿಲ್ಲ. ಇಂಗ್ಲಿಷು ಬರುತ್ತದೆಂಬ ಧೈರ್ಯದಲ್ಲಿ ನಾವು ಅಲ್ಲಿ ಕೇಳುವುದನ್ನೇ ಬಿಡುತ್ತೇವೆ.

ವಕೀಲರ ತಪ್ಪು ತೋರಿಸಿದರಷ್ಟೇ ಸಾಲದು. ಸರಿಯಾಗಿ ತಿಳಿಸಿದ್ದರೆ ನೀನು ಒಪ್ಪಿಕೊಳ್ಳುತ್ತಿರಲಿಲ್ಲ ಎಂಬುದನ್ನೂ ತೋರಿಸಬೇಕು. ಕಷ್ಟ ಇರುವುದು ಇಲ್ಲಿ. ಈಗ ಅತ್ತು ಹೇಳಿದ್ದು ಕೋರ್ಟಿಗೆ ಸಾಲುವುದಿಲ್ಲ, ಆವತ್ತಿನ ಸಾಕ್ಷ್ಯ ಬೇಕು. 2017ರ ಲೀ ಕೇಸು ನೋಡು: ಮೆಂಫಿಸಿನಲ್ಲಿ ಹೋಟೆಲು ನಡೆಸುತ್ತಿದ್ದ ಕೊರಿಯಾದವ. ಅಪರಾಧದ ಸಾಕ್ಷ್ಯ ಗಟ್ಟಿಯಾಗಿಯೇ ಇತ್ತು. ಆದರೂ ಗೆದ್ದ. ಯಾಕೆಂದರೆ ಒಪ್ಪಿಕೊಳ್ಳುವ ಮೊದಲೇ, ಗಡೀಪಾರಾಗ್ತದಾ ಎಂದು ಅವನು ವಕೀಲರನ್ನು ಮತ್ತೆ ಮತ್ತೆ ಕೇಳಿದ್ದ.

ನೀನೂ ವೀಸಾದ ಬಗ್ಗೆ ಕೇಳಿ ಮೆಸೇಜು ಕಳಿಸಿದ್ದರೆ ಅಳಿಸಬೇಡ. ಹಳೆ ವಕೀಲರಿಂದ ಫೈಲು, ಕೋರ್ಟಿನಿಂದ ಆ ದಿನದ ವಿಚಾರಣೆಯ ದಾಖಲೆ ತರಿಸು. ಅರ್ಜಿ ಹೋಗಬೇಕಾದ್ದು ಒಪ್ಪಿಗೆ ಪಡೆದ ಕೋರ್ಟಿಗೆ. ವಲಸೆ ನ್ಯಾಯಾಧೀಶರು ಆ ತೀರ್ಪನ್ನು ಮುಟ್ಟುವುದಿಲ್ಲ. ಗಡುವು ರಾಜ್ಯಕ್ಕೊಂದು ಥರ, ಹಾಗಾಗಿ ಈ ವಾರವೇ ಅಪರಾಧ, ವಲಸೆ ಎರಡೂ ಕಾನೂನು ಬಲ್ಲ ವಕೀಲರನ್ನು ಹಿಡಿ. ಅಪ್ಪ ಅಮ್ಮನ ಕಷ್ಟ ಬರೆದು ಕರುಣೆ ಬೇಡಬೇಡ ಮಾರಾಯ. ಕರುಣೆಯಿಂದ ರದ್ದಾದ ಶಿಕ್ಷೆ ವಲಸೆಯವರ ಲೆಕ್ಕದಲ್ಲಿ ಹಾಗೆಯೇ ಉಳಿಯುತ್ತದೆ. ಕಾನೂನಿನ ದೋಷಕ್ಕಾಗಿಯೇ ರದ್ದಾಗಬೇಕು. ಗೆದ್ದರೂ ಹಳೆ ಕೇಸು ಮತ್ತೆ ಏಳಬಹುದು, ಅದಕ್ಕೂ ತಯಾರಿರು.

ಅಕ್ಕನ ಮದುವೆಗೆ ಟಿಕೆಟ್ ಮಾಡಿದ್ದೇನೆ ಎಂದು ಬರೆದಿದ್ದೀಯ. ರದ್ದು ಮಾಡು. ಈಗ ದೇಶ ಬಿಟ್ಟರೆ ಮತ್ತೆ ಒಳಗೆ ಬಿಡಲಿಕ್ಕಿಲ್ಲ. ನಿನ್ನಮ್ಮನಿಗೆ ಫೋನಿನಲ್ಲಿ ಹೇಳಬೇಡ, ಸಂಜೆ ನೀರ್ಚಾಲಿಗೆ ನಾನೇ ಹೋಗುತ್ತೇನೆ.