ಬಾಮೈದನೂ ಬೇಕು, ಮನೆಯೂ ಮುಗಿಯಬೇಕು

ಪ್ರಶ್ನೆ: ತುಮಕೂರಿನಲ್ಲಿ 12 ಚದರದ ಮನೆ ಕಟ್ಟಿಸುತ್ತಿದ್ದೇನೆ. ಕಂಟ್ರಾಕ್ಟರು ಹೆಂಡತಿಯ ತಮ್ಮನೇ. ಮೋಲ್ಡ್ ಹಾಕಿ ಮೂರು ತಿಂಗಳಾಯಿತು, ಗಿಲಾವು ಅರ್ಧಕ್ಕೆ ನಿಂತಿದೆ. ಮುಕ್ಕಾಲು ದುಡ್ಡು ಖರ್ಚಾಗಿದೆ. ವೈಶಾಖದಲ್ಲಿ ಗೃಹಪ್ರವೇಶಕ್ಕೆ ಮುಹೂರ್ತ ಇಡಿಸಿದ್ದೇವೆ. ಕೇಳಿದರೆ, "ದೇವರಮನೆ ಸರಿಸಿ ಅಂದಿದ್ದು, ಪೋರ್ಟಿಕೋ ಸೇರಿಸಿ ಅಂದಿದ್ದು ನೀವೇ ತಾನೇ ಭಾವ?" ಅನ್ನುತ್ತಾನೆ. ಬೇರೆ ಮೇಸ್ತ್ರಿಯನ್ನು ಕರೆತರಲೇ? ಹೆಂಡತಿ ಮಾತು ಬಿಟ್ಟಿದ್ದಾಳೆ.
– ಹೆಸರು ಬೇಡ

ಉತ್ತರ: ಮೊದಲು ಒಂದು ಮಾತು ಕೇಳುತ್ತೇನೆ. ಆ ಪೋರ್ಟಿಕೋಗೆ ಎಷ್ಟು ಅಂತ ಮಾತಾಡಿಕೊಂಡಿದ್ದಿರಾ? ಆಡಿರಲಿಕ್ಕಿಲ್ಲ. ಭಾವನ ಹತ್ತಿರ ಅವನು ಬಾಯಿಬಿಟ್ಟು ಕೇಳಲಾರ, ಆದರೆ ಶನಿವಾರ ಬಂದರೆ ಆಳುಗಳಿಗೆ ಬಟವಾಡೆ ಆಗಲೇಬೇಕು. ಕೈಗೆ ದುಡ್ಡು ಸಿಗುವ ಇನ್ನೊಂದು ಕೆಲಸಕ್ಕೆ ಅವರನ್ನು ಕಳಿಸಿರುತ್ತಾನೆ. ಇದು ನನ್ನ ಊಹೆ, ಆದರೂ ಕೇಳಿ ನೋಡಿ.

ಹೊಸ ಮೇಸ್ತ್ರಿ ಬಂದ ದಿನವೇ "ಇದನ್ನ ಒಡೀಬೇಕು ಸಾರ್" ಅನ್ನುತ್ತಾನೆ. ಅವಸರ ಬೇಡ. ಭಾನುವಾರ ಬಾಮೈದನ ಜೊತೆ ಟೇಪು, ನೋಟ್‌ಬುಕ್ ಹಿಡಿದು ಒಂದೊಂದೇ ಕೋಣೆ ಸುತ್ತಿ. ಕೊಟ್ಟ ದುಡ್ಡಿನ ಮಾತು ಆಮೇಲೆ, ಆಗಿರುವ ಕೆಲಸ ಮೊದಲು ಬರೆಯಿರಿ. ಇನ್ನೊಂದು ಪುಟದಲ್ಲಿ ಮೂಲ ನಕ್ಷೆಯಲ್ಲಿ ಇಲ್ಲದೆ ಸೇರಿದ್ದೆಲ್ಲ ಬರಲಿ, ಪ್ರತಿಯೊಂದಕ್ಕೂ ಅಲ್ಲೇ ದರ ಮಾತಾಡಿ. ಕಾಂಪೌಂಡು, ಪೋರ್ಟಿಕೋ ಟೈಲ್ಸು ಸದ್ಯಕ್ಕೆ ಬಿಡಿ. ಅಡುಗೆಮನೆ, ಒಂದು ಬಚ್ಚಲು, ಬಾಗಿಲು, ನೀರು, ಕರೆಂಟು ಇದ್ದರೆ ಸಂಸಾರ ಹೂಡಬಹುದು. ಇನ್ನು ಮುಂದೆ ಕೇಳಿದಾಗಲೆಲ್ಲ ಕೊಡಬೇಡಿ, ಇಂಥ ಕೆಲಸ ಮುಗಿದರೆ ಇಷ್ಟು ಅಂತ ಕೊಡಿ.

ಉಳಿದ ಗಿಲಾವಿಗೆ ಮುಂಚೆ ಸ್ವಿಚ್ ಬಾಕ್ಸು, ಪೈಪುಗಳನ್ನು ಎಣಿಸಿ. ನಮ್ಮ ಮನೆಯಲ್ಲಿ ಫ್ರಿಜ್ ಪಾಯಿಂಟ್ ಮರೆತು ಗೋಡೆ ಮತ್ತೆ ಕೊರೆಸಿದೆವು. ಆ ತೇಪೆ ಇವತ್ತಿಗೂ ಕ್ಯಾಲೆಂಡರಿನ ಹಿಂದೆ ಅಡಗಿದೆ.

ಮುಹೂರ್ತದ ವಿಚಾರ. ಗಿಲಾವು ಕನಿಷ್ಠ 7 ದಿನ ನೀರು ಕುಡಿಯಬೇಕು, ಆಮೇಲೆ ಒಣಗಲು ಹತ್ತಿರ ಹತ್ತಿರ ತಿಂಗಳು ಬಿಟ್ಟೇ ಬಣ್ಣ. ಬೇಸಿಗೆಯ ಬಿಸಿಲಲ್ಲಿ ನೀರು ಹೊಡೆಯುವುದರಲ್ಲಿ ಕಳ್ಳಾಟ ಮಾಡಿದರೆ ಗೋಡೆ ಬಿರುಕು ಬಿಡುತ್ತದೆ. ಬೆರಳು ಮಡಚಿ ಎಣಿಸಿ. ವೈಶಾಖಕ್ಕೆ ಆಗದಿದ್ದರೆ ಆಷಾಢ ಕಳೆಯಲಿ, ಶ್ರಾವಣಕ್ಕೆ ದಿನ ನೋಡಿ ಅಂತ ಪುರೋಹಿತರಿಗೆ ಈಗಲೇ ಹೇಳಿ. ಪತ್ರಿಕೆ ಇನ್ನೂ ಅಚ್ಚಾಗಿಲ್ಲ ತಾನೇ?

ನಿಮ್ಮ ಮನೆಯವರ ಕೈಲಿ ತಮ್ಮನಿಗೆ ಮಾತು ಹೇಳಿಸುವುದನ್ನು ಇವತ್ತಿಗೇ ನಿಲ್ಲಿಸಿ. ಭಾನುವಾರ ಅವರನ್ನೂ ಕರೆದುಕೊಂಡು ಹೋಗಿ. ಅಡುಗೆಮನೆಯ ಕಟ್ಟೆ ಎಷ್ಟು ಎತ್ತರ ಇರಲಿ ಅಂತ ಅವರನ್ನು ಇನ್ನೂ ಯಾರೂ ಕೇಳಿದ ಹಾಗಿಲ್ಲ.