ಗುರುಗ್ರಹದ ಹಿಮಾವೃತ ಉಪಗ್ರಹ ಯೂರೋಪಾದಲ್ಲಿ ಜೀವಿಗಳೇ ಕಂಡುಬಂದಿಲ್ಲ, ಆದರೂ ಅಲ್ಲಿ ಆಮ್ಲಜನಕವಿದೆ. ಅದು ಎಲ್ಲಿಂದ ಬಂತು?

ವಿಕಿರಣದ ಹೊಡೆತದಿಂದ. ಗುರುವಿನ ಕಾಂತಕ್ಷೇತ್ರದಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನು, ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಈ ಉಪಗ್ರಹದ ಹಿಮಕ್ಕೆ ಬಡಿದಾಗ ನೀರಿನ ಅಣು ಒಡೆಯುತ್ತದೆ. ಹಗುರವಾದ ಹೈಡ್ರೋಜನ್ ಬೇಗ ತಪ್ಪಿಸಿಕೊಳ್ಳುತ್ತದೆ. ಭಾರದ ಆಮ್ಲಜನಕ ಉಳಿದು, ಇದೆಯೋ ಇಲ್ಲವೋ ಅನ್ನುವಷ್ಟು ತೆಳುವಾದ ವಾತಾವರಣವಾಗುತ್ತದೆ. ಒಂದಷ್ಟು ಹಿಮದೊಳಗೇ ಸಿಕ್ಕಿಕೊಳ್ಳುತ್ತದೆ. ನಾಸಾದ ಜೂನೋ ನೌಕೆ 2022ರಲ್ಲಿ ಪಕ್ಕದಲ್ಲೇ ಹಾದುಹೋದಾಗಿನ ಅಳತೆಯ ಪ್ರಕಾರ ಉತ್ಪಾದನೆ ಸೆಕೆಂಡಿಗೆ ಸುಮಾರು 12 ಕಿಲೋ. ಹಿಂದಿನ ಕೆಲವು ಅಂದಾಜುಗಳು 1000 ಕಿಲೋ ದಾಟಿದ್ದವು!

ಹೊಡೆತ ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ. ಗುರುವಿನ ಕಾಂತಕ್ಷೇತ್ರ ಕಣಗಳನ್ನೂ ಹೊತ್ತುಕೊಂಡು ಸುಮಾರು 10 ಗಂಟೆಗೊಮ್ಮೆ ತಿರುಗುತ್ತದೆ, ಯೂರೋಪಾಕ್ಕೆ ಗುರುವನ್ನು ಸುತ್ತಲು 85 ಗಂಟೆ ಬೇಕು. ಹಾಗಾಗಿ ಹೆಚ್ಚಿನ ಕಣಗಳು ಹಿಂದಿನಿಂದ ಬಂದು ಗುದ್ದುತ್ತವೆ. ಗುರುವಿನ ಇನ್ನೊಂದು ಉಪಗ್ರಹ, ಪಕ್ಕದ ಅಯೋದ ಜ್ವಾಲಾಮುಖಿಗಳು ಉಗುಳಿದ ಗಂಧಕವೂ ಅದೇ ಬೆನ್ನಿಗೆ ಬಂದು ಬೀಳುತ್ತದೆ. ಆ ಭಾಗ ಕೆಂಗಂದು ಬಣ್ಣಕ್ಕಿದ್ದು, ಹಿಮದಲ್ಲಿ ಸಲ್ಫ್ಯೂರಿಕ್ ಆಮ್ಲ ಸೇರಿಕೊಂಡಿದೆ.