ಹಿಡಿದವರೇ ಬಿಡಿಸಲು ನಿಂತರೆ?

ಧಾರವಾಡದ ಓದುಗರಿಗೆ ನಮಸ್ಕಾರ. ಒಳಗೊಳಗೇ ಮಾತಾಡಿಕೊಂಡು ಬೆಲೆ ಏರಿಸುವ ಕಂಪನಿಗಳ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ನೀವು ಬರೆದಿದ್ದೀರಿ. ಅಂಥ ಕಂಪನಿಗಳ ಮೇಲೆ ಕೇಸು ನಡೆಸಿದ ಅಮೆರಿಕದ ಸರ್ಕಾರಿ ವಕೀಲರು ಆಮೇಲೆ ದೊಡ್ಡ ಲಾ ಫರ್ಮ್ ಸೇರಿ ಅಂಥವರ ಪರವೇ ನಿಲ್ಲುತ್ತಾರೆ. ಇದು ಕಳ್ಳರನ್ನು ಹಿಡಿಯುತ್ತಿದ್ದವರೇ ಕಳ್ಳರ ಮನೆ ಕಾವಲಿಗೆ ಹೋದ ಹಾಗೆ, ಇದನ್ನು ನಿಷೇಧಿಸಬೇಕು ಅಂತ ನಿಮ್ಮ ವಾದ.

ನಿಷೇಧ ಬೇಡ ಅಂತ ನನಗನಿಸುತ್ತದೆ. ಯಾಕೆ ಅಂತ ಹೇಳಲು ಗ್ಯಾರಿ ಸ್ಪ್ರಾಟ್ಲಿಂಗ್ ಅವರ ಉದಾಹರಣೆ ಸಾಕು. ಅಮೆರಿಕದ ನ್ಯಾಯ ಇಲಾಖೆಯ ಆಂಟಿಟ್ರಸ್ಟ್ ವಿಭಾಗದಲ್ಲಿ, ಅಂದರೆ ಮಾರುಕಟ್ಟೆಯ ಪೈಪೋಟಿಗೆ ಅಡ್ಡ ಬರುವ ಕಂಪನಿಗಳ ಮೇಲೆ ಕೇಸು ಹಾಕುವ ವಿಭಾಗದಲ್ಲಿ, ದಶಕಗಳ ಕಾಲ ದುಡಿದವರು ಅವರು. ಅಲ್ಲಿ 1993ರಲ್ಲಿ ಹೊಸದೊಂದು ನೀತಿ ಬಂತು. ಕಾರ್ಟೆಲ್‌ನಲ್ಲಿದ್ದ, ಅಂದರೆ ಹೀಗೆ ಒಳಗೊಳಗೇ ಕೂಟ ಕಟ್ಟಿಕೊಂಡಿದ್ದ ಕಂಪನಿಗಳ ಪೈಕಿ ಮೊದಲು ಬಂದು ಎಲ್ಲ ಒಪ್ಪಿಕೊಂಡು ತನಿಖೆಗೆ ನೆರವಾದವರಿಗೆ ಪೂರ್ತಿ ಮಾಫಿ. ಎರಡನೆಯವರಿಗೆ ಆ ಭಾಗ್ಯ ಇಲ್ಲ. ಆ ನೀತಿ ರೂಪಿಸಿದವರಲ್ಲಿ ಸ್ಪ್ರಾಟ್ಲಿಂಗ್ ಒಬ್ಬರು. ಅದಕ್ಕೂ ಮುಂಚೆ ವರ್ಷಕ್ಕೆ ಸುಮಾರು ಒಂದು ಕಂಪನಿ ಹೀಗೆ ಬಾಗಿಲು ತಟ್ಟುತ್ತಿತ್ತು. ಆಮೇಲೆ ತಿಂಗಳಿಗೊಂದರಂತೆ ಬರತೊಡಗಿದವು.

ವಿಟಮಿನ್ ಕೇಸನ್ನೇ ನೋಡಿ. ಬೆಲೆ ಎಷ್ಟಿರಬೇಕು, ಯಾರು ಎಷ್ಟು ಮಾರಬೇಕು ಅಂತ ಕೂತು ಹಂಚಿಕೊಂಡ ವಿಟಮಿನ್ ಕಂಪನಿಗಳಲ್ಲಿ ರೋನ್-ಪುಲಂಕ್ ಎಂಬುದು ಹೋಗಿ ಬಾಯಿ ಬಿಟ್ಟಿತು. ಅದಕ್ಕೆ ದಂಡವೇ ಇಲ್ಲ. 1999ರಲ್ಲಿ ಹಾಫ್‌ಮನ್-ಲಾ ರೋಷ್ 50 ಕೋಟಿ ಡಾಲರ್, ಬಿಎಎಸ್‌ಎಫ್ 22.5 ಕೋಟಿ ಡಾಲರ್ ದಂಡ ಕಟ್ಟಿದವು.

2000ದಲ್ಲಿ ಸ್ಪ್ರಾಟ್ಲಿಂಗ್ ಗಿಬ್ಸನ್ ಡನ್ ಎಂಬ ಫರ್ಮ್ ಸೇರಿದರು. ಮುಂದೆ, ಅದೇ ವಿಭಾಗದಲ್ಲಿ ಕ್ರಿಮಿನಲ್ ಕೇಸುಗಳನ್ನು ನೋಡಿಕೊಳ್ಳುತ್ತಿದ್ದ ಸ್ಕಾಟ್ ಹ್ಯಾಮಂಡ್ ಕೂಡ ಅಲ್ಲಿಗೇ ಹೋದರು. ಇಂಥವರ ಹತ್ತಿರ ಕಂಪನಿಗಳು ದುಬಾರಿ ಫೀಸು ಕೊಟ್ಟು ಏನು ಕೇಳುತ್ತವೆ? ಬಹಳ ಸಲ ಒಂದೇ ಪ್ರಶ್ನೆ: ಈಗಲೇ ಹೋಗಿ ಒಪ್ಪಿಕೊಳ್ಳೋಣವಾ, ಬೇಡವಾ? ಕಂಪನಿಯ ಹೆಸರು ಹೇಳದೆಯೇ ವಕೀಲರು ಇಲಾಖೆಗೆ ಫೋನ್ ಮಾಡಿ, ಈ ಉದ್ಯಮದಲ್ಲಿ ಮೊದಲ ಜಾಗ ಇನ್ನೂ ಖಾಲಿ ಇದೆಯೇ ಅಂತ ವಿಚಾರಿಸಬಹುದು. ಇದ್ದರೆ ಜಾಗ ಕಾದಿರಿಸಿ, ಒಳಗಿನ ತನಿಖೆಗೆ ಸಮಯ ತಗೋಬಹುದು. ಅಂದರೆ ಮಾಜಿ ಪ್ರಾಸಿಕ್ಯೂಟರ್ 'ಹೋಗಿ ಒಪ್ಪಿಕೊಳ್ಳಿ' ಅಂದಾಗ ಸರ್ಕಾರಕ್ಕೆ ಬೇಕಾದದ್ದೇ ಆಗುತ್ತದೆ. ಫೀಸು ಮಾತ್ರ ಕಂಪನಿಯದ್ದು. ನನಗೆ ಇದು ಸ್ವಲ್ಪ ತಮಾಷೆಯಾಗಿಯೇ ಕಾಣುತ್ತದೆ.

ಲಗಾಮು ಇಲ್ಲ ಅಂತಲ್ಲ. ತಾನೇ ಮುಖ್ಯವಾಗಿ ಕೈಯಾಡಿಸಿದ ಕೇಸಿನಲ್ಲಿ ಮಾಜಿ ಅಧಿಕಾರಿ ಸರ್ಕಾರದ ಎದುರು ಇನ್ನೊಬ್ಬರ ಪರ ಯಾವತ್ತೂ ಮಾತಾಡುವಂತಿಲ್ಲ. ಕೊನೆಯ ವರ್ಷ ತನ್ನ ಉಸ್ತುವಾರಿಯಲ್ಲಿದ್ದ ಕೇಸುಗಳಾದರೆ ಎರಡು ವರ್ಷ ತಡೆ.

ಇಷ್ಟು ಹೇಳಿದ ಮೇಲೂ ನಿಮ್ಮ ಸಿಟ್ಟಿನಲ್ಲಿ ಅರ್ಧವನ್ನು ಒಪ್ಪುತ್ತೇನೆ. ವಿಲೀನದ ಕೇಸುಗಳಲ್ಲಿ, ಏಕಸ್ವಾಮ್ಯದ ಕೇಸುಗಳಲ್ಲಿ ತಪ್ಪೊಪ್ಪಿಗೆಯ ಮಾತೇ ಇಲ್ಲ. ಅಲ್ಲಿ ಮಾಜಿ ಅಧಿಕಾರಿಯ ಅನುಭವ ನೇರವಾಗಿ ಸರ್ಕಾರದ ಎದುರು ನಿಲ್ಲುತ್ತದೆ. ಯಾವಾಗಲೂ ಅಲ್ಲ ಅನ್ನಿ. 2009ರಿಂದ 2011ರವರೆಗೆ ಆ ವಿಭಾಗದ ಮುಖ್ಯಸ್ಥೆಯಾಗಿದ್ದ ಕ್ರಿಸ್ಟೀನ್ ವಾರ್ನಿ ಆಮೇಲೆ ಕ್ರವಾತ್ ಫರ್ಮ್ ಸೇರಿ, ಆಪಲ್‌ನ ಏಕಸ್ವಾಮ್ಯವನ್ನು ಪ್ರಶ್ನಿಸಿದ ವಿಡಿಯೋ ಗೇಮ್ ಕಂಪನಿ ಎಪಿಕ್ ಗೇಮ್ಸ್ ಪರ ವಾದಿಸಿದರು. ಎಪಿಕ್ ಏನೂ ಬಡಪಾಯಿ ಅಲ್ಲ, ಆ ಮಾತು ಬೇರೆ. ನನ್ನ ನಿಜವಾದ ಅನುಮಾನ ಕೆಲಸ ಬಿಡುವ ಮುಂಚಿನ ತಿಂಗಳುಗಳ ಮೇಲೆ. ನಾಳೆ ಕೆಲಸ ಕೊಡಬಹುದಾದವರು ಎದುರು ಕೂತಿರುವಾಗ ಕೈ ಸಡಿಲವಾದರೆ ಹಿಡಿಯುವುದು ಹೇಗೆ? ಮಾಡದೆ ಬಿಟ್ಟ ಕೇಸಿಗೆ ಫೈಲ್ ಇರುವುದಿಲ್ಲವಲ್ಲ.

ನಮ್ಮಲ್ಲಿ ಹೇಗೆ ಅಂತಲೂ ಕೇಳಿದ್ದೀರಿ. ನಮ್ಮ ಸ್ಪರ್ಧಾ ಕಾಯ್ದೆಯಲ್ಲೂ ಮೊದಲು ಬಂದು ಹೇಳಿದವರಿಗೆ ದಂಡ ಪೂರ್ತಿ ಮನ್ನಾ ಮಾಡಲು ಅವಕಾಶ ಇದೆ. ಆದರೆ ತನಿಖೆ ನಡೆಸುವ ಮಹಾನಿರ್ದೇಶಕರ ಕಚೇರಿಗೆ ಅನೇಕರು ಬೇರೆ ಇಲಾಖೆಗಳಿಂದ ಡೆಪ್ಯುಟೇಶನ್ ಮೇಲೆ ಬರುತ್ತಾರೆ. ಕೆಲಸ ಕಲಿತ ಹೊತ್ತಿಗೆ ಅವಧಿ ಮುಗಿದು ಮಾತೃ ಇಲಾಖೆಗೆ ವಾಪಸ್. ಅವರು ಖಾಸಗಿಗೆ ಹೋಗುತ್ತಾರೆ ಎಂಬುದಕ್ಕಿಂತ ಈ ಚಿಂತೆಯೇ ನನಗೆ ಜಾಸ್ತಿ.

- ಸಂಪಾದಕ